ಒಂದನೇ ನಂಬರಿನ ಕಂಬ

ಕಳೆದ ವಾರ ಅಡುಗೆಮನೆಗೆ ಬಣ್ಣ ಹೊಡೆಯಲು ಬಂದವನು ಕಂಬದ ಹಳೆಯ ಬಣ್ಣ ಕೆರೆಯುತ್ತಿದ್ದ. ಹೊಸ ಬಣ್ಣಕ್ಕೆ ಅವನೆಷ್ಟು ನೀರು ಬೆರೆಸುತ್ತಾನೋ ಎಂದು ನಾನು ಕುರ್ಚಿ ಹಾಕಿಕೊಂಡು ಕಾವಲು ಕೂತಿದ್ದೆ. ಯಾರನ್ನೂ ಸುಲಭಕ್ಕೆ ನಂಬುವ ಜಾಯಮಾನ ನನ್ನದಲ್ಲ. ಪದರು ಉದುರಿದ ಹಾಗೆ ಸಾಗವಾನಿಯ ಮೇಲೆ ಕೆಂಪು ಅಂಕಿಯೊಂದು ಕಾಣಿಸಿತು. ಒಂದು. ಅದನ್ನು ಬರೆದ ಗೌಂಡಿ ನೆನಪಾದ...

ಆಗ ನಾನು ಶಾಲೆಯಲ್ಲಿ ಮಾಸ್ತರ. ನಮ್ಮ ಮನೆಗೆ ಒತ್ತಿಕೊಂಡೇ ಒಂದು ಸುಟ್ಟ ಮನೆಯಿತ್ತು. ಬೆಂಕಿ ಬಿದ್ದ ಮೇಲೆ ಅದರವರು ಸೊಲ್ಲಾಪುರದ ಕಡೆ ಹೋದವರು ತಿರುಗಿ ಬರಲಿಲ್ಲ. ಆ ಕರಿ ಗೋಡೆ ಎಲ್ಲಿ ಅವ್ವನ ಮೇಲೆ ಬೀಳುತ್ತದೋ ಎಂದು ನನಗೆ ಸದಾ ಭಯ. ಪಂಚಾಯತಿಯವರು ಊರಿನ ಪಾಳು ಮನೆಗಳನ್ನು ಕೆಡವುತ್ತಾರೆ ಎಂದಾಗ ಸಮಾಧಾನವಾಯಿತು. ಯಾವುದು ಮೊದಲು, ಯಾವುದು ಆಮೇಲೆ ಎಂದು ನೋಡಿ ನಂಬರು ಬರೆಯುವ ಕೆಲಸ ಗೌಂಡಿಯದು. ಕಲ್ಲುಮಣ್ಣಿನ ಮನೆ ಕಟ್ಟಿಯೇ ಕೂದಲು ಹಣ್ಣಾದವನು. ಗೋಡೆಯನ್ನು ಬೆರಳ ಗೆಣ್ಣಿನಿಂದ ಬಡಿದು, ಕಿವಿಗೊಟ್ಟು ಕೇಳಿ, ಆಮೇಲೆ ಬರೆಯುತ್ತಿದ್ದ.

ಸುಟ್ಟ ಮನೆಗೆ ಅವನು ಬರೆದದ್ದು ಹನ್ನೊಂದು! ಓಣಿಯ ತುದಿಯಲ್ಲಿ ನೆಟ್ಟಗೆ ನಿಂತಿದ್ದ ಬೀಗ ಹಾಕಿದ ಮನೆಗೆ, ಅದರ ಸಾಗವಾನಿ ಕಂಬದ ಮೇಲೆಯೇ, ಒಂದು. ನನಗೆ ಆಗಲೇ ವಾಸನೆ ಹೊಡೆಯಿತು. ಆ ಮನೆ ಕೆಡವಿದ ಸಂಜೆ ಎರಡು ಕಂಬಗಳನ್ನು ಕೈಗಾಡಿಯಲ್ಲಿ ಹೇರಿಕೊಂಡು ಹೋಗುತ್ತಿದ್ದ ಗೌಂಡಿಯನ್ನು ಕಣ್ಣಾರೆ ಕಂಡೆ. ಕಟ್ಟಿಗೆಯೆಲ್ಲ ಹರಾಜಿಗೆ ಹೋಗಬೇಕಿತ್ತು. ಮರುದಿನವೇ ಪಂಚಾಯತಿಗೆ ಅರ್ಜಿ ಬರೆದು ಕೊಟ್ಟೆ. ನನ್ನ ಅಕ್ಷರ ದುಂಡಗೆ, ಆರೋಪ ಅದಕ್ಕಿಂತ ದುಂಡಗೆ. ಗೌಂಡಿಯನ್ನು ಕೆಲಸದಿಂದ ತೆಗೆದರು. ಸುಟ್ಟ ಮನೆಯನ್ನು ಹನ್ನೊಂದರಿಂದ ಮೇಲೆ ತಂದು ಮುಂದಿನ ಸರದಿಗೇ ಹಾಕಿದರು.

ಅವನು ಮನೆಗೇ ಬಂದ. ಜಗಳಕ್ಕೆ ಬಂದಿದ್ದಾನೆ ಎಂದುಕೊಂಡೆ.

"ಮಾಸ್ತರ್ರ, ಸುಟ್ಟ ಮನಿ ನೋಡಾಕ ಅಂಜಿಕಿ ಆಕ್ಕೈತಿ ಅಷ್ಟರಿ, ಗಟ್ಟಿ ಐತಿ. ಆ ಬೀಗದ ಮನಿ ಗ್ವಾಡಿ ಒಳಗ ಹೊಟ್ಟಿ ಬಿಟ್ಟಿತ್ತು, ಸಾಲಿ ಹುಡುಗ್ರು ಅದರ ಬಾಜೂಕ ಹೋಗ್ತಿದ್ರು. ನಿಮ್ಮ ಮನಿಗೂ ಸುಟ್ಟ ಮನಿಗೂ ಒಂದ ನಡುಗ್ವಾಡಿ. ನಿಮ್ಮ ಜಂತಿ ತಲಿ ಎಲ್ಲಾ ಅದರಾಗ ಅದಾವ್ರಿ. ಮೊದಲ ಒಳಗ ಕಂಬ ಕೊಟ್ಟು, ಆಮ್ಯಾಲ ಕೆಡವಬೇಕು."

"ಆ ಕಂಬ ನೀನ ಮಾರಾಂವ ಹೌದಿಲ್ಲೊ?" ಎಂದೆ.

ಅವನು ನನ್ನ ಮುಖ ನೋಡಿದ. ಚಪ್ಪಲಿ ಮೆಟ್ಟಿಕೊಂಡು ಹೋದ...

ಎಂಟು ದಿನಕ್ಕೆ ಜೆಸಿಬಿ ಬಂತು. ಅವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ನಡುಗೋಡೆಗೆ ಎರಡನೇ ಏಟು ಬೀಳುತ್ತಿದ್ದಂತೆ ನಮ್ಮ ಮಾಳಿಗೆ ಒಂದು ಕಡೆ ಜಗ್ಗಿತು, ಮಣ್ಣು ಸುರಿಯಿತು. ಅವ್ವನನ್ನು ರಟ್ಟೆ ಹಿಡಿದು ಹೊರಗೆ ಎಳೆದು ತಂದೆ. ಓಣಿಯಲ್ಲಿ ಕೈಗಾಡಿ ನಿಂತಿತ್ತು, ಅದರಲ್ಲಿ ಅವೇ ಎರಡು ಕಂಬ, ಒಂದು ತೊಲೆ. "ಏ ನಿಲ್ಲಸ್ರಿ!" ಎಂದು ಜೆಸಿಬಿಯವನಿಗೆ ಕೂಗುತ್ತ ಗೌಂಡಿ ಒಳಗೆ ನುಗ್ಗಿದ. ಮೇಲಿನಿಂದ ಇನ್ನೂ ಮಣ್ಣು ಉದುರುತ್ತಿರುವಾಗಲೇ ಜಂತಿಗಳ ಕೆಳಗೆ ತೊಲೆ ಕೊಟ್ಟು, ಎರಡೂ ಕಂಬ ನಿಲ್ಲಿಸಿ ಬೆಣೆ ಬಡಿದ. ಮಾಳಿಗೆ ನಿಂತಿತು.

ಅವ್ವ ಅವನಿಗೆ ನೀರು ಕೊಟ್ಟಳು. ನಾನು ಅರ್ಜಿ ಹಿಂತೆಗೆದುಕೊಳ್ಳಲಿಲ್ಲ. ಕಂಬ ಒಯ್ದದ್ದು ನಿಜವೇ ಆಗಿತ್ತಲ್ಲ ಎಂಬ ಹಟ. ಯಾರ ಮನೆಗೆಂದು ಒಯ್ದಿದ್ದ ಎಂಬುದು ಆಗ ತಲೆಗೆ ಹೋಗಲಿಲ್ಲವೋ, ಹೋಗಲು ನಾನೇ ಬಿಡಲಿಲ್ಲವೋ... ಆ ಅರ್ಜಿಯಾದ ಮೇಲೆ ಊರಲ್ಲಿ ಯಾರೂ ಅವನನ್ನು ಕೆಲಸಕ್ಕೆ ಕರೆಯಲಿಲ್ಲ. ಆಲಮಟ್ಟಿಯ ಕಡೆ ಕೂಲಿಗೆ ಹೋದ ಎಂದರು. ಅಲ್ಲೇ ತೀರಿಕೊಂಡ ಸುದ್ದಿ ಬಂದಾಗ ಮಣ್ಣಾಗಿ ತಿಂಗಳಾಗಿತ್ತು. ಕ್ಷಮಿಸು ಎನ್ನಲು ಬೇಕಾದಷ್ಟು ವರ್ಷಗಳಿದ್ದವು. ನಾನು ಹೋಗಲಿಲ್ಲ.

ಈಗ ಊರಲ್ಲಿ ಮತ್ತೆ ಕೆಡವುವ ಕಟ್ಟಡಗಳ ಪಟ್ಟಿಯಾಗುತ್ತಿದೆ. ನಿನ್ನೆ ಹಿಂದಿನ ಓಣಿಯಲ್ಲಿ ಸುಟ್ಟ ಅಂಗಡಿಯೊಂದರ ಫೋಟೋ ತೆಗೆಯುತ್ತಿದ್ದ ಇಂಜಿನಿಯರನ ಹತ್ತಿರ ಹೋದೆ. "ಸಾಹೇಬ್ರ, ಬಾಜೂ ಮನಿ ಜಂತಿ ಇದರ ಗ್ವಾಡ್ಯಾಗ ಅದಾವೇನು ನೋಡ್ರಿ. ಇದನ್ನ ಮೊದಲ ಕೆಡವಬ್ಯಾಡ್ರಿ" ಎಂದೆ.

ಅವನು ಮೊಬೈಲು ಕೆಳಗಿಳಿಸಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಇದರಾಗ ನಿಮ್ದೇನೈತಿ, ಅಜ್ಜಾರ?" ಎಂದು ಕೇಳಿದ.