ದೋಸೆ ಕಾವಲಿಯ ಮೇಲೆ ಐಸ್‌ಲ್ಯಾಂಡಿನ ರೊಟ್ಟಿ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಜೋರು ದನಿ ಇದ್ದದ್ದು ಚಾವಣಿಯ ಹೊಗೆ ಅಲಾರಂಗೆ. ಆಶ್‌ಬರ್ನ್ ಎಂಬ ಊರಿನ ಆ ಟೌನ್‌ಹೌಸಿನಲ್ಲಿ ಒಂದು ಅಲಾರಂ ಹೊಡೆದರೆ ಮೂರೂ ಮಹಡಿಯ ಅಲಾರಂಗಳು ಒಟ್ಟಿಗೆ ಕಿರುಚುತ್ತಿದ್ದವು. ಹಾಗಾಗಿ ಒಗ್ಗರಣೆ ಹಾಕುವಾಗಲೆಲ್ಲ ಅಮ್ಮ ನನ್ನ ಕೈಗೆ ಟವೆಲ್ ಕೊಟ್ಟು ಅದರ ಕೆಳಗೆ ನಿಲ್ಲಿಸುತ್ತಿದ್ದಳು. ಬೀಸುವುದು ನನ್ನ ಕೆಲಸ.

ಅದು ಕೋವಿಡ್ ಬಂದ ವರ್ಷ. ಶಾಲೆ ಲ್ಯಾಪ್‌ಟಾಪಿನೊಳಗೆ ಸೇರಿಕೊಂಡಿತ್ತು. ಅಪ್ಪನ ಕೆಲಸ ಹೋಗಿತ್ತು; ನಮ್ಮೆಲ್ಲರ ವೀಸಾ ಆ ಕೆಲಸಕ್ಕೇ ಅಂಟಿಕೊಂಡಿತ್ತು. ಇನ್ನೆರಡು ವಾರದಲ್ಲಿ ಬೇರೆ ಕೆಲಸ ಸಿಗದಿದ್ದರೆ ನಾವೆಲ್ಲ ದೇಶ ಬಿಡಬೇಕಿತ್ತು. ಆ ದಿನ ಹನ್ನೊಂದಕ್ಕೆ ಮೇಲಿನ ಕೋಣೆಯಲ್ಲಿ ಅಪ್ಪನ ವಿಡಿಯೋ ಇಂಟರ್‌ವ್ಯೂ. ಅದೇ ಹನ್ನೊಂದಕ್ಕೆ ಅಕ್ಕನ ಕ್ಲಾಸು. ಚೀಟಿಯಲ್ಲಿ ಬಂದ ದೇಶದ ಒಂದು ತಿಂಡಿಯನ್ನು ಅವಳು ಕ್ಯಾಮೆರಾ ಮುಂದೆ ಮಾಡಿ ತೋರಿಸಬೇಕಿತ್ತು. ಅವಳಿಗೆ ಬಂದದ್ದು ಐಸ್‌ಲ್ಯಾಂಡ್. ಎರಡನ್ನೂ ಮುಂದೂಡಲು ಆಗಿರಲಿಲ್ಲ.

"ಇವತ್ತು ಅಲಾರಂ ಹೊಡೀತೋ, ನನ್ನ ಕಥೆ ಮುಗೀತು," ಅಂದರು ಅಪ್ಪ. ಮೇಲೆ ಇಸ್ತ್ರಿ ಮಾಡಿದ ಶರ್ಟು, ಕೆಳಗೆ ಪೈಜಾಮ.

ಅಕ್ಕ ಮಾಡಬೇಕಾದದ್ದು ರೈ ಎಂಬ ಧಾನ್ಯದ ಕಂದು ಹಿಟ್ಟಿನ ರೊಟ್ಟಿ. ಕುದಿಯುವ ನೀರು ಹಾಕಿ ನಾದಿ, ತೆಳ್ಳಗೆ ಲಟ್ಟಿಸಿ, ತಟ್ಟೆ ಕವುಚಿ ದುಂಡಗೆ ಕತ್ತರಿಸಿ, ಫೋರ್ಕಿನಿಂದ ಚುಚ್ಚಿ, ಎಣ್ಣೆಯಿಲ್ಲದ ಕಾದ ಕಬ್ಬಿಣದ ಹೆಂಚಿನ ಮೇಲೆ ಕಪ್ಪು ಮಚ್ಚೆ ಬರುವವರೆಗೆ ಸುಡಬೇಕು.

"ನಮ್ ರಾಗಿ ರೊಟ್ಟಿ ತಂಗೀನೇ ಕಣೇ ಇದು," ಎಂದು ಅಮ್ಮ ಧೈರ್ಯ ಹೇಳಿ, ಮನೆಯಲ್ಲಿದ್ದ ಒಂದೇ ಕಬ್ಬಿಣದ ಹೆಂಚನ್ನು ಒಲೆಯ ಮೇಲಿಟ್ಟಳು. ಅಜ್ಜಿ ಮೈಸೂರಿನಿಂದ ಕೊಟ್ಟು ಕಳಿಸಿದ್ದ ದೋಸೆ ಕಾವಲಿ.

ಅಲ್ಲೇ ತಪ್ಪಾಯಿತು. ಆ ಕಾವಲಿಗೆ ಅಮ್ಮ ಎಂದೂ ಸೋಪು ಮುಟ್ಟಿಸಿದವಳಲ್ಲ. ವರ್ಷಗಟ್ಟಲೆ ದೋಸೆಯ ಎಣ್ಣೆ ಅದರಲ್ಲಿ ಇಳಿದಿತ್ತು. ದೋಸೆಯ ಉರಿಗೆ ಸುಮ್ಮನಿರುತ್ತಿದ್ದ ಕಾವಲಿ ಈ ರೊಟ್ಟಿಯ ಉರಿಗೆ ನೀಲಿ ಹೊಗೆ ಬಿಟ್ಟಿತು.

"ಬೀಸೋ!" ಅಮ್ಮ ಪಿಸುಗುಟ್ಟಿದಳು.

ಕುರ್ಚಿ ಹತ್ತಿ ಬೀಸಿದೆ. ಕಣ್ಣು ಉರಿಯುತ್ತಿತ್ತು. ಅಕ್ಕ ಕ್ಯಾಮೆರಾಗೆ ನಗುತ್ತಲೇ ಕೆಮ್ಮು ನುಂಗುತ್ತಿದ್ದಳು. ಮೇಲಿನಿಂದ ಅಪ್ಪನ ದನಿ ಸಣ್ಣಗೆ ಕೇಳುತ್ತಿತ್ತು.

"ಅಮ್ಮಾ, ಐ ಕಾಂಟ್! ಕೈ ನೋವು!"

"ಇನ್ನೊಂದೇ ರೊಟ್ಟಿ, ಬಂಗಾರ."

ಟವೆಲನ್ನು ಬಲಗೈಯಿಂದ ಎಡಗೈಗೆ ಬದಲಿಸಿದೆ. ಅಷ್ಟು ಹೊತ್ತೇ ಸಾಕಾಯಿತು. ಮೂರೂ ಮಹಡಿ ಕಿರುಚಿತು.

ಅಮ್ಮ ಒಲೆ ಆರಿಸಿ ಬಾಗಿಲು, ಕಿಟಕಿ ತೆರೆದಳು. ಸದ್ದು ನಿಂತಿತು. ಆಮೇಲೆ ಅಪ್ಪನ ದನಿ ಮತ್ತೆ ಶುರುವಾಯಿತು. ಕ್ಲಾಸು ಮುಗಿಸಿ ಬಂದ ಅಕ್ಕನೂ ಸೇರಿ ನಾವು ಮೂವರು ಮೆಟ್ಟಿಲ ಮೇಲೆ ಕೂತೆವು.

ಕೊನೆಗೆ ಅಪ್ಪ ಇಳಿದು ಬಂದರು. ಗಟ್ಟಿಯಾಗದಿರಲೆಂದು ಹೊದಿಸಿದ್ದ ಒದ್ದೆ ಬಟ್ಟೆಯಡಿ ಮೆತ್ತಗಾಗಿದ್ದ ರೊಟ್ಟಿಯೊಂದನ್ನು ಮುರಿದು ಬಾಯಿಗಿಟ್ಟರು.

"ಅವ್ರೇನಂದ್ರು?" ಅಮ್ಮ ಕೇಳಿದಳು.

"ಮೊದ್ಲು ಮನೆಯಿಂದ ಆಚೆ ಹೋಗಿ ಅಂದ್ರು. ಬರೀ ರೊಟ್ಟಿ ಅಂದೆ." ಅಗಿಯುತ್ತಾ ಕೇಳಿದರು, "ಹುಚ್ಚೆಳ್ಳು ಚಟ್ನಿಪುಡಿ ಇದ್ಯಾ?"

ಆ ಕೆಲಸ ಸಿಗಲಿಲ್ಲ. ಅಲಾರಂನಿಂದಲೋ, ಬೇರೆ ಕಾರಣಕ್ಕೋ, ನಮಗೆ ತಿಳಿಯಲೇ ಇಲ್ಲ. ನನ್ನನ್ನು ಯಾರೂ ಬೈಯಲಿಲ್ಲ. ಒಂಬತ್ತು ದಿನಗಳ ನಂತರ ಮಾರಿಸ್‌ವಿಲ್ಲಿನಲ್ಲಿ ಬೇರೆ ಕೆಲಸ ಸಿಕ್ಕಿತು. ಕಾವಲಿಯನ್ನು ಅದೇ ಟವೆಲಿನಲ್ಲಿ ಸುತ್ತಿಕೊಂಡು ಕಾರು ಹತ್ತಿದೆವು.

ಮಕ್ಕಳೇ, ನೀವು ಈ ಮಾರಿಸ್‌ವಿಲ್ಲಿನಲ್ಲೇ ಹುಟ್ಟಿದವರು. ಅಪ್ಪನ ಕೆಲಸ ಹೋದರೆ ದೇಶ ಬಿಡಬೇಕೆಂಬ ಭಯ ನಿಮಗೆ ಗೊತ್ತಿಲ್ಲ. ನಿಮ್ಮ ಮನೆಯ ಒಲೆ ಹೊಗೆಯೇಳುವ ಮೊದಲೇ ತಾನಾಗಿ ಆರುತ್ತದೆ. ಭಾನುವಾರ ಆ ಹಳೆಯ ಕಾವಲಿಯಲ್ಲಿ ದೋಸೆ ಹುಯ್ಯುವಾಗ ತಾತ, ಅಂದರೆ ನನ್ನ ಅಪ್ಪ, ಯಾಕೆ ಮತ್ತೆ ಮತ್ತೆ ಚಾವಣಿ ನೋಡುತ್ತಾರೆ ಎಂದು ಕೇಳುತ್ತಿದ್ದಿರಲ್ಲ, ಇದಕ್ಕೇ.