ರುದ್ರಪ್ರಸಾದರು ಆರಿಸಿದ ಕೆಂಪು ದೀಪ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಸೀಮೆಯಲ್ಲಿ ಮೋಟಾರ್ ಸೈಕಲ್ ರಿಪೇರಿಯನ್ನು ಒಂದು ವಿದ್ಯೆಯೆಂದು ಗೌರವಿಸಿ ಕಲಿಸಿದವರ ಮಾತು ಬಂದಾಗ ಮೊದಲು ನಾಲಿಗೆಗೆ ಬರುವ ಹೆಸರು ಶ್ರೀ ರುದ್ರಪ್ರಸಾದರದು. ನಮ್ಮ ತರಬೇತಿ ಕೇಂದ್ರದ ದ್ವಿಚಕ್ರ ವಾಹನ ವಿಭಾಗಕ್ಕೆ ಕಿರಿಯ ಬೋಧಕರಾಗಿ ಬಂದು, ಈಗ ಅದರ ಮುಖ್ಯಸ್ಥರಾಗಿ ನಿವೃತ್ತರಾಗುತ್ತಿರುವ ಅವರ ಕೈಯಲ್ಲಿ ಪಳಗಿದವರ ಗ್ಯಾರೇಜಿಲ್ಲದ ಹೋಬಳಿ ಇಲ್ಲಿ ಇರಲಾರದು.

ಗಾಳಿಯಿಂದ ತಣಿಯುವ ಹಳೆಯ ಎಂಜಿನ್ನುಗಳೆಂದರೆ ಅವರಿಗೆ ಅಂಗೈ ಗೆರೆಯಷ್ಟು ಪರಿಚಯ. ಗಾಡಿ ಬೇಗ ಬಿಸಿಯಾಗುತ್ತದೆ ಎಂದು ಯಾರಾದರೂ ಬಂದರೆ ಮೊದಲು ತಾವೇ ಓಡಿಸಿ ನೋಡುವರು. ಸಿಲಿಂಡರನ್ನು ತಣಿಸುವ ಲೋಹದ ರೆಕ್ಕೆಗಳ ನಡುವೆ ಕೆಸರು ಕಟ್ಟಿದೆಯೇ, ಆಯಿಲ್ ತಳ ಕಂಡಿದೆಯೇ ಎಂದು ಪರೀಕ್ಷಿಸುವರು. ಕೊನೆಗೆ ಸ್ಪಾರ್ಕ್ ಪ್ಲಗ್ ಬಿಚ್ಚಿ ಅದರ ತುದಿಯ ಬಣ್ಣ ನೋಡುವರು. ತುದಿ ಸುಣ್ಣದಂತೆ ಬೆಳ್ಳಗಿದ್ದರೆ ಪೆಟ್ರೋಲ್ ಸಾಲದೆ ಎಂಜಿನ್ ಬೇಯುತ್ತಿದೆ ಎಂದರ್ಥ. ಮಾಗಡಿ ರಸ್ತೆಯಲ್ಲಿ ಕೆಟ್ಟು ನಿಂತ, ಹಾಲಿನ ಕ್ಯಾನು ಹೊತ್ತ ಮೊಪೆಡ್ಡನ್ನು ತಳ್ಳಿಕೊಂಡೇ ಬಂದ ಮಾರಕ್ಕನವರನ್ನು ನೆರಳಿನಲ್ಲಿ ಕೂರಿಸಿ, ಹಾಲು ಕೆಡುವ ಮುನ್ನ ಡೇರಿಗೆ ಮುಟ್ಟಿಸಿ ಬಂದು, ಆಮೇಲೆ ತಾವೇ ಬ್ರಷ್ ಹಿಡಿದು ಎಂಜಿನ್ನಿನ ಕೆಸರು ಉಜ್ಜಿದವರು ಅವರು.

ಇಷ್ಟು ಬರೆದು ಶುಭ ಕೋರಿ ಮುಗಿಸಬಹುದಿತ್ತು. ಮುಗಿಸಲು ಅವರು ಬಿಡಲಿಲ್ಲ. ಅಭಿನಂದನ ಸಮಿತಿಯವರು ಮನೆಗೆ ಹೋದಾಗ ತಲೆ ತಗ್ಗಿಸಿ ಕೂತವರು, "ಪುಸ್ತಕ ಮಾಡೋದಾದ್ರೆ ಮುನ್ನೀ ಅವ್ರ ಕೈ ಮುರಿದದ್ದನ್ನೂ ಹಾಕಿ. ಆಗಲ್ಲ ಅಂದ್ರೆ ನನ್ನ ಬುಟ್ಬುಡಿ" ಎಂದರು. ಅವರ ಮಾತಿನಂತೆ ಅದನ್ನೂ ಇಲ್ಲಿ ಹೇಳಬೇಕಾಗಿದೆ.

ರಾಮನಗರದ ರೇಷ್ಮೆ ನೂಲು ಬಿಚ್ಚುವ ಇದ್ರೀಸ್ ಅವರು ಕೆಲವು ವರ್ಷಗಳ ಹಿಂದೆ ನೀರಿನಿಂದ ತಣಿಯುವ ಎಂಜಿನ್ನಿನ ಗಾಡಿಯೊಂದನ್ನು ಹಳೆಯದಾಗಿ ಕೊಂಡಿದ್ದರು. ಓಡಿಸುವಾಗ ಮೀಟರಿನಲ್ಲಿ ಎಂಜಿನ್ ಬಿಸಿಯೇರಿದ್ದನ್ನು ತಿಳಿಸುವ ಕೆಂಪು ದೀಪ ಹತ್ತುತ್ತಿತ್ತು. ಗಾಡಿಯನ್ನು ಕೇಂದ್ರಕ್ಕೆ ತಂದು, "ಕೂಲೆಂಟ್ ಹಾಕಿದಷ್ಟೂ ಖಾಲಿ ಆಯ್ತೈತೆ ಸಾರ್. ಒಂದ್ ತೊಟ್ಟೂ ಕೆಳಕ್ಕೆ ಸೋರಲ್ಲ" ಎಂದರು.

ಅಂಥ ಗಾಡಿಯನ್ನು ರುದ್ರಪ್ರಸಾದರು ಅದುವರೆಗೆ ಬಿಚ್ಚಿರಲಿಲ್ಲ. ಸುತ್ತ ವಿದ್ಯಾರ್ಥಿಗಳು ನಿಂತಿದ್ದರು. ಮೈತುಂಬ ಪ್ಲಾಸ್ಟಿಕ್ಕಿನ ಹೊದಿಕೆ, ಒಳಗೆ ಅಡ್ಡಾದಿಡ್ಡಿ ಪೈಪುಗಳು. ಕೈಯನ್ನು ಎಲ್ಲಿಡಬೇಕೆಂದೇ ಅವರಿಗೆ ತೋಚಲಿಲ್ಲ. ಗೊತ್ತಿಲ್ಲ ಎಂದು ಹೇಳಲಿಲ್ಲ. ನಿಂತು ತಣ್ಣಗಾಗಿದ್ದ ಎಂಜಿನ್ನಿನ ಮೇಲೆ ಅಂಗೈ ಇಟ್ಟು, "ಏನೂ ಆಗಿಲ್ಲ. ಮೀಟ್ರೇ ಸುಳ್ಳು ಹೇಳ್ತೈತೆ" ಎಂದು ನಕ್ಕರು. ವಿದ್ಯಾರ್ಥಿಗಳೂ ನಕ್ಕರು. ಆ ದೀಪದ ತಂತಿಯನ್ನು ಕಿತ್ತು, ತುದಿಗೆ ಟೇಪು ಸುತ್ತಿ, ಧೈರ್ಯವಾಗಿ ಓಡಿಸಿ ಎಂದು ಕಳಿಸಿಕೊಟ್ಟರು.

ಮುಂದಿನ ವಾರವೇ ಹೆಂಡತಿ ಮುನ್ನೀಯವರನ್ನು ಕೂರಿಸಿಕೊಂಡು ಇದ್ರೀಸ್ ರೇಷ್ಮೆಗೂಡು ನೋಡಲು ಕೂಟಗಲ್ಲಿಗೆ ಹೊರಟಿದ್ದರು. ದಾರಿಯಲ್ಲಿ ಎಂಜಿನ್ ಕಾದು ಒಳಗೇ ಬಿಗಿದುಕೊಂಡಿತು, ಹಿಂದಿನ ಚಕ್ರ ನಿಂತಲ್ಲೇ ನಿಂತಿತು, ಇಬ್ಬರೂ ಬಿದ್ದರು. ಮುನ್ನೀಯವರ ಬಲ ಮಣಿಕಟ್ಟು ಮುರಿಯಿತು. ಬಿಸಿನೀರಿನ ಬಾಣಲೆಯಲ್ಲಿ ತೇಲುವ ಗೂಡುಗಳಿಂದ ಕೂದಲಿಗಿಂತ ಸಣ್ಣ ಎಳೆಯನ್ನು ಹುಡುಕಿ ಹಿಡಿಯುತ್ತಿದ್ದ ಕೈ ಅದು.

ಸುದ್ದಿ ತಿಳಿದ ದಿನವೇ ರುದ್ರಪ್ರಸಾದರು ಆಸ್ಪತ್ರೆಗೆ ಹೋದರು. ಇದ್ರೀಸ್ ಮುಖ ತಿರುಗಿಸಿಕೊಂಡರು. ಮಾತಾಡಿದವರು ಮುನ್ನೀ.

"ಆ ಕೆಂಪು ಲೈಟ್ ಹತ್ಕಂಡಾಗೆಲ್ಲ ನಾವು ಗಾಡಿ ನಿಲ್ಸಿ, ಆರೋಗಂಟ ಕಾಯ್ತಿದ್ವಿ ಸಾರ್. ನೀವೇ ಅದನ್ನ ಆರ್ಸಿದ್ರಿ."

ಕೈಮುಗಿದು ಹೊರಬಂದ ರುದ್ರಪ್ರಸಾದರು ಎಷ್ಟೋ ದಿನ ವಿದ್ಯಾರ್ಥಿಗಳ ಮುಖ ನೋಡಿ ಪಾಠ ಮಾಡಲಾರದೆ, ಹಲಗೆಯ ಕಡೆಗೇ ತಿರುಗಿ ಮಾತಾಡುತ್ತಿದ್ದುದನ್ನು ನಾವು ಸಹೋದ್ಯೋಗಿಗಳು ಕಂಡಿದ್ದೇವೆ. ಆ ಗಾಡಿಯನ್ನು ಕೇಂದ್ರಕ್ಕೆ ತರಿಸಿ, ಹಾರೋಹಳ್ಳಿಯ ಕಾರ್ಖಾನೆಯೊಂದರಲ್ಲಿ ಎಂಜಿನ್ ಪರೀಕ್ಷೆಯ ಕೆಲಸದಲ್ಲಿದ್ದ ತಮ್ಮ ಹಳೆಯ ವಿದ್ಯಾರ್ಥಿನಿ ಸ್ಪಂದನಾ ಅವರಿಗೆ ಫೋನ್ ಮಾಡಿದರು. "ನಂಗೆ ಇದು ಬರಲ್ಲ ಕಣಮ್ಮ. ಬಂದು ಕಲ್ಸ್ತೀಯಾ?"

ಭಾನುವಾರ ಬಂದ ಸ್ಪಂದನಾ ಹೊದಿಕೆ ತೆಗೆದು, ರೇಡಿಯೇಟರಿನ ಬಾಯಿಗೆ ಗೇಜು ಇರುವ ಕೈಪಂಪು ಸಿಕ್ಕಿಸಿ ಒತ್ತಡ ಕೊಟ್ಟರು. ಮುಳ್ಳು ಏರಿ, ನಿಲ್ಲದೆ ಮೆಲ್ಲಗೆ ಇಳಿಯಿತು. ಹೊರಗೆಲ್ಲೂ ತೇವವಿಲ್ಲ. ಪ್ಲಗ್ ಬಿಚ್ಚಿ ಟಾರ್ಚ್ ಹಿಡಿದರೆ ಸಿಲಿಂಡರಿನೊಳಗೆ ಕೂಲೆಂಟಿನ ಹಸಿರು ನೀರು ಜಿನುಗುತ್ತಿತ್ತು. ಸಿಲಿಂಡರಿನ ಮುಚ್ಚಳದ ಕೆಳಗಿನ ಗ್ಯಾಸ್ಕೆಟ್ ಸೀಳಿ ಕೂಲೆಂಟ್ ಒಳಗೇ ಇಳಿದು ಆವಿಯಾಗಿ ಹೋಗುತ್ತಿತ್ತೆಂಬುದು ಆಗ ತಿಳಿಯಿತು.

"ಪ್ಲಗ್ ನೋಡೋದ್ ಕಲ್ಸಿದ್ದೇ ನೀವಲ್ವಾ ಸಾರ್? ಅವತ್ತು ಬಿಚ್ಲಿಲ್ವಾ?"

"ಇಲ್ಲ."

"ಯಾಕ್ ಸಾರ್?"

"ಇದ್ರಲ್ಲಿ ಪ್ಲಗ್ ಎಲ್ಲೈತೆ ಅಂತ್ಲೇ ನಂಗೊತ್ತಾಗ್ಲಿಲ್ಲ ಕಣಮ್ಮ. ಅಷ್ಟು ಜನ ನೋಡ್ತಿದ್ರು."

ಸ್ಪಂದನಾ ಸ್ಪ್ಯಾನರನ್ನು ಗುರುಗಳ ಕೈಗಿತ್ತು, ಪ್ಲಗ್ಗಿನ ಜಾಗ ತೋರಿಸಿದರು.

ಮರುದಿನ ಅದೇ ವಿದ್ಯಾರ್ಥಿಗಳೆದುರು ಅವರು ಇದ್ದುದನ್ನು ಇದ್ದಂತೆ ಹೇಳಿದರು. ಆ ವರ್ಷವೆಲ್ಲ ಭಾನುವಾರ ಬಂದರೆ ಸ್ಪಂದನಾ ಪಾಠ ಹೇಳುವರು, ಗುರುಗಳು ಹುಡುಗರ ನಡುವೆ ಬೆಂಚಿನ ಮೇಲೆ ಕೂತು ಕಲಿಯುವರು. ಇಂದು ನಮ್ಮ ಸೀಮೆಯ ಮೆಕ್ಯಾನಿಕ್ಕುಗಳು ನೀರಿನ ಎಂಜಿನ್ನಿಗೆ ಅಂಜದೆ ಕೈ ಹಾಕುತ್ತಿರುವುದು ಆ ಭಾನುವಾರಗಳ ಫಲ.

ಮುನ್ನೀಯವರ ಮೂಳೆ ಕೂಡಿತು. ಬೆರಳಿನ ಚುರುಕು ಮರಳಲಿಲ್ಲ. ಈಗ ಅವರು ಬಾಣಲೆಯ ಮುಂದೆ ಕೂರದೆ ಗೂಡು ವಿಂಗಡಿಸುತ್ತಾರೆ. ಸಮಾರಂಭಕ್ಕೆ ಕರೆಯಲು ಹೋದ ನಮಗೆ ಚಹಾ ಕೊಟ್ಟು, "ಬತ್ತೀವಿ, ಸ್ಟೇಜ್ ಮ್ಯಾಲೆ ಮಾತ್ರ ಕರೀಬ್ಯಾಡಿ" ಎಂದರು. ಆಮೇಲೆ ಬಾಗಿಲ ಕಡೆ ನೋಡಿ, "ತಿಂಗ್ಳಿಗೊಂದ್ ದಪ ಗಾಡಿ ನೋಡಕ್ಕೆ ಅಂತ ಬತ್ತಾರೆ ನಿಮ್ ಮೇಷ್ಟ್ರು. ಬೀದೀಲೇ ನಿಂತು ನೋಡಿ ಹೊಂಟೋಯ್ತಾರೆ. ಒಳಕ್ಕೆ ಬನ್ನಿ ಅಂದ್ರೆ ಬರಲ್ಲ" ಎಂದರು.

ಶ್ರೀ ರುದ್ರಪ್ರಸಾದರಿಗೆ ದೇವರು ನೂರು ಕಾಲ ಆಯುಸ್ಸನ್ನೂ ಕೈತುಂಬ ಕೆಲಸವನ್ನೂ ಕೊಡಲಿ. ಅದರ ಜೊತೆಗೆ, ಮುನ್ನೀಯವರು ಮುಂದಿನ ಸಲ ಕರೆದಾಗ ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೂರುವಷ್ಟು ಧೈರ್ಯವನ್ನೂ ಕೊಡಲಿ.