ಅಜ್ಜನ ಕಂಬಳಿಯ ಮೇಲೆ

ಹೊಸ ಕಂಬಳಿಗೆ ನೀರು ತಾಗಿದರೆ ಒಂದು ವಾಸನೆ ಏಳುತ್ತದೆ. ಕುರಿ ಉಣ್ಣೆಯ ಕಮಟು, ಅದರ ಜೊತೆಗೆ ನೇಯುವವರು ಸವರಿದ ಹುಣಸೆಬೀಜದ ಗಂಜಿಯ ಹುಳಿ ವಾಸನೆ. ಹೋದ ವಾರ ಪಕ್ಕದ ಮನೆಯವರು ಗುಮ್ಮಘಟ್ಟದ ಕಡೆಯಿಂದ ತಂದ ಕರಿಕಂಬಳಿಯೊಂದನ್ನು ನೆನೆಸಿ ಗೋಡೆಯ ಮೇಲೆ ಹರವಿದ್ದರು. ನಾನು ಎದ್ದು ಹೋಗಿ ಅದರ ಹತ್ತಿರ ಸುಮ್ಮನೆ ನಿಂತುಕೊಂಡೆ. ನಮ್ಮ ಅಜ್ಜ, ನಮ್ಮಪ್ಪನ ಅಪ್ಪ, ಪಡಸಾಲೆಯಲ್ಲಿ ಬಂದು ಕೂತ ಹಾಗಾಯಿತು...

ಆಗ ರಾಯದುರ್ಗ ಸೀಮೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ನಮ್ಮೂರು ರಾಯದುರ್ಗಕ್ಕೆ ಎತ್ತಿನ ಬಂಡಿಯಲ್ಲಿ ಅರ್ಧ ದಿನದ ಹಾದಿ. ಅಪ್ಪ, ಚಿಕ್ಕಪ್ಪ ಒಟ್ಟಿಗೇ ಇದ್ದರು. ಅಜ್ಜಿ ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದಳು. ಪಡಸಾಲೆಯ ಮೂಲೆಯಲ್ಲಿ ಅಜ್ಜನ ಕಂಬಳಿ ಹಗಲೂ ರಾತ್ರಿ ಹಾಸಿಯೇ ಇರುತ್ತಿತ್ತು. ಅದಕ್ಕೊಂದು ಕಟ್ಟಳೆ ಇತ್ತು. ಯಾರೇ ಓಡಿಬಂದು ಅದರ ಮೇಲೆ ಕೂತರೆ ಅವರ ಮೇಲೆ ಯಾರೂ ಕೈ ಎತ್ತುವಂತಿಲ್ಲ. ಕೂತವರು ಮಾತ್ರ ಸುಳ್ಳು ಹೇಳುವಂತಿಲ್ಲ. ಊರಲ್ಲಿ ನ್ಯಾಯ ಕೂಡಿಸುವಾಗಲೂ ಕಂಬಳಿಯನ್ನೇ ಹಾಸುತ್ತಿದ್ದರು. ಅಜ್ಜ ಅದನ್ನೇ ಮನೆಯೊಳಕ್ಕೆ ತಂದಿದ್ದ.

ಅಪ್ಪ ಬಾರುಕೋಲು ಹಿಡಿದು ಅಟ್ಟಿಸಿಕೊಂಡು ಬಂದಾಗ ನಾನು ಎಷ್ಟೋ ಸಲ ಅಲ್ಲಿ ಹೋಗಿ ಬಿದ್ದಿದ್ದೇನೆ. ಅಪ್ಪ ಹೊಸ್ತಿಲಲ್ಲೇ ನಿಂತು ಹಲ್ಲು ಕಡಿಯುತ್ತಿದ್ದ. ಒಮ್ಮೆ ಅಮ್ಮನೇ ಹೋಗಿ ಕೂತಳು. ಅಪ್ಪ ಅವತ್ತೆಲ್ಲ ಹಿತ್ತಲು ಬಿಟ್ಟು ಬರಲಿಲ್ಲ. ಇನ್ನೊಂದು ಸಲ ಹಾಲು ಕುಡಿದ ಬೆಕ್ಕು ಓಡಿಬಂದು ಅಜ್ಜನ ತೊಡೆಯ ಪಕ್ಕ ಕೂತಿತು. ಅಮ್ಮ ಪೊರಕೆ ಎತ್ತಿದಳು.

"ಬಿಡವ್ವ, ಅದೂ ನ್ಯಾಯಕ್ಕ ಬಂದೈತಿ," ಅಂದ ಅಜ್ಜ.

ನನಗೆ ಎಂಟೋ ಒಂಬತ್ತೋ ವರ್ಷವಿದ್ದಾಗ ಚಿಕ್ಕಪ್ಪನನ್ನು ಮದುವೆಯಾಗಿ ಚಿಕ್ಕಮ್ಮ ನಮ್ಮ ಮನೆಗೆ ಬಂದಳು. ಮಡಕಶಿರಾ ಕಡೆಯ ಹೆಣ್ಣು. ನಾವು ಶೇಂಗಾ ಅಂದರೆ ಅವಳು ಕಡ್ಲೆಕಾಯಿ ಅನ್ನುವಳು. ಅವಳ ಮಾತು ಕೇಳಿ ಮನೆಯವರೆಲ್ಲ ನಗುತ್ತಿದ್ದರು, ನಾನಂತೂ ಅಣಕಿಸುತ್ತಿದ್ದೆ. ವರ್ಷ ತುಂಬುವುದರೊಳಗೆ ಬಸುರಿಯಾದಳು.

ಬಿತ್ತನೆಯ ಶೇಂಗಾವನ್ನು ದೊಡ್ಡ ಮಣ್ಣಿನ ಗುಡಾಣದಲ್ಲಿ ತುಂಬಿ, ಬಾಯಿಗೆ ಸಗಣಿ ಮೆತ್ತಿ ಇಡುತ್ತಿದ್ದರು. ಅದನ್ನು ಮುಟ್ಟುವುದು ದೇವರ ಎಡೆ ಮುಟ್ಟಿದಂತೆ. ನಾನು ಮುಟ್ಟಿದೆ. ಇಸ್ಕೂಲಿನಿಂದ ಬಂದು, ಮನೆಯಲ್ಲಿ ಯಾರೂ ಇಲ್ಲದಾಗ ಮೆತ್ತಿದ್ದನ್ನು ಒಂದು ಕಡೆ ಬಿಡಿಸಿ, ಹಿಡಿ ಹಿಡಿ ತೆಗೆದು, ಮತ್ತೆ ಒದ್ದೆ ಮಾಡಿ ಮುಚ್ಚುತ್ತಿದ್ದೆ. ಹಸಿವೆಯೇನೂ ಇರಲಿಲ್ಲ. ಬರೀ ರುಚಿ.

ಮೊದಲ ಮಳೆ ಬಿದ್ದು, ಬಿತ್ತನೆಗೆಂದು ಗುಡಾಣದ ಬಾಯಿ ಬಿಡಿಸಿದ ದಿನ ಅಮ್ಮ ಕೈ ಇಳಿಸಿದಳು. ಮೊಣಕೈವರೆಗೂ ಹೋಯಿತು, ಶೇಂಗಾ ಸಿಗಲಿಲ್ಲ.

"ಇಲ್ಲಿ ನೋಡ್ರಿ ಮಾವ, ಹೆಗ್ಗಣ ತಿಂದಿದ್ರ ಸಿಪ್ಪಿನಾದ್ರೂ ಬಿಡತಿತ್ತು," ಎಂದಳು. ಆಮೇಲೆ ಚಿಕ್ಕಮ್ಮನ ಕಡೆ ತಿರುಗಿ, "ಬಸುರಿ ಬಾಯಿಗೆ ಬೀಜ ಯಾವುದು, ಕಾಳು ಯಾವುದು!"

"ನಾನ್ಯಾಕೆ ಕದ್ದು ತಿನ್ಲಿ ಅಕ್ಕ? ನಮ್ಮಪ್ಪನ ಮನ್ಯಾಗೆ ಕಡ್ಲೆಕಾಯಿ ಕಂಡಿಲ್ವೇನು?"

ಚಿಕ್ಕಪ್ಪನಿಗೆ ಅಣ್ಣನ ಎದುರು, ಅತ್ತಿಗೆಯ ಎದುರು ಮಾನ ಹೋದಂತಾಯಿತು. "ನಾಳೆನಽ ಇಕಿನ್ನ ತವರಿಗೆ ಬಿಟ್ಟು ಬರತೀನಿ. ಹಡೀಲಿ, ಅಲ್ಲೇ ಇರಲಿ. ಮತ್ತ ಕರಕೊಂಡು ಬರಾಂಗಿಲ್ಲ," ಎಂದು ಕೂಗಾಡಿದ. ಕೈಯನ್ನೂ ಎತ್ತಿದ. ಚಿಕ್ಕಮ್ಮ ಸೆರಗು ಎಳೆದುಕೊಂಡು ಹೋಗಿ ಕಂಬಳಿಯ ಅಂಚಿನಲ್ಲಿ ಕೂತಳು. ಅಲ್ಲಿ ಅವಳು ಕೂತದ್ದು ಅದೇ ಮೊದಲು. ನಾನು ಆಗಲೇ ಅಜ್ಜನ ಮಗ್ಗುಲಲ್ಲಿ ಅವಿತುಕೊಂಡಿದ್ದೆ.

"ಏನವ್ವ, ತಿಂದೇನು?" ಅಜ್ಜ ಮೆಲ್ಲಗೆ ಕೇಳಿದ.

"ಇಲ್ಲ ಮಾವ."

ಅಲ್ಲಿಗೆ ಮುಗಿಯಬೇಕಿತ್ತು. ಕಂಬಳಿಯ ಮೇಲೆ ಆಡಿದ ಮಾತಿಗೆ ಎರಡನೆಯ ಪ್ರಶ್ನೆ ಇರುತ್ತಿರಲಿಲ್ಲ. ಆದರೆ ಅವಳಲ್ಲವಾದರೆ ಮತ್ತೆ ಯಾರು ಎಂಬ ಮಾತು ಏಳುತ್ತದೆಂದು ಹೆದರಿದೆ. ಬಾಯಿಂದ ತಾನಾಗಿಯೇ ಬಂದುಬಿಟ್ಟಿತು.

"ನಾ ನೋಡೀನಿ ಅಜ್ಜ, ಚಿಕ್ಕಮ್ಮ ಕತ್ತಲಾಗ ಕುಂತು ತಿಂತಿದ್ಲು."

ಒಂದೇ ಕಂಬಳಿ, ಎರಡು ಮಾತು. ಅಜ್ಜ ನನ್ನನ್ನೇ ನೋಡಿದ. ನನ್ನ ಅಂಗಿಯ ಜೇಬಿನ ಅಂಚಿಗೆ ಶೇಂಗಾ ಬೀಜದ ಕೆಂಪು ಹೊಟ್ಟು ಅಂಟಿಕೊಂಡಿತ್ತು. ಅದನ್ನು ಬೆರಳಿನಿಂದ ಸದ್ದಿಲ್ಲದೆ ಒರೆಸಿ ಹಾಕಿದ. ಆಮೇಲೆ ತಲೆ ಎತ್ತಿ ಹೇಳಿದ.

"ಬೀಜ ತಿಂದಾವ ನಾನು."

ಚಿಕ್ಕಪ್ಪನಿಗೆ ಆ ಸಿಟ್ಟಿನಲ್ಲೂ ನಗು ಬಂತು. "ಯಪ್ಪಾ, ನಿನ್ನ ಬಾಯಾಗ ಹಲ್ಲಽ ಇಲ್ಲಲ್ಲ!"

"ಎಲಿ ಅಡಿಕಿ ಕುಟ್ಟೋ ಒಳ್ಳಾಗ ಕುಟ್ಟಿಕೊಂಡು ತಿಂದೆ. ಹಲ್ಲಿಲ್ಲದಾವಗ ಬಾಯಿ ಚಪಲ ಇರಬಾರದೇನು? ಕಂಬಳಿ ಮುಸುಕು ಹಾಕ್ಕೊಂಡು ಕುಂತಿದ್ದೆ, ಕತ್ತಲಾಗ ಹುಡುಗ ಅಕಿ ಅಂತ ತಿಳಕೊಂಡಾನ. ಹೋಗ್ರಿ, ಹೋಗಿ ಬೀಜ ಎಲ್ಲಿ ಸಿಗತಾವ ನೋಡ್ರಿ."

ಎಲ್ಲರೂ ಎದ್ದು ಹೋದರು. ಅಜ್ಜ ನನಗೆ ಒಂದು ಮಾತೂ ಅನ್ನಲಿಲ್ಲ. ಅವತ್ತೂ ಅನ್ನಲಿಲ್ಲ, ಮುಂದೆಂದೂ ಅನ್ನಲಿಲ್ಲ.

ಮರುದಿನ ಬೆಳಿಗ್ಗೆ ಕಂಬಳಿಯನ್ನು ತಾನೇ ಕೊಡವಿ, ಮಡಿಸಿ, ಅಟ್ಟದ ಮೇಲೆ ಇಟ್ಟುಬಿಟ್ಟ. ಬರಿಯ ಈಚಲ ಚಾಪೆಯ ಮೇಲೆ ಮಲಗತೊಡಗಿದ. ಯಾಕೆಂದು ಅಮ್ಮ ಕೇಳಿದರೆ "ಚುಚ್ಚತೈತಿ" ಅಂದ. ನಾಲ್ಕಾರು ದಿನ ಕಳೆದ ಮೇಲೆ ಅಪ್ಪ ಯಾವುದೋ ಕಾರಣಕ್ಕೆ ನನ್ನನ್ನು ಅಟ್ಟಿಸಿಕೊಂಡು ಬಂದ. ಅಭ್ಯಾಸಬಲದಿಂದ ಪಡಸಾಲೆಯ ಮೂಲೆಗೆ ಓಡಿದೆ. ಅಲ್ಲಿ ಬರೀ ನೆಲವಿತ್ತು. ಅಜ್ಜ ಮುಖ ಆ ಕಡೆ ತಿರುಗಿಸಿಕೊಂಡ. ಅಪ್ಪ ಹೊಸ್ತಿಲು ದಾಟಿ ಬಂದು ಹೊಡೆದ... ಆ ಪೆಟ್ಟು ನನಗೆ ನೆನಪಿಲ್ಲ. ಅಜ್ಜನ ತಿರುಗಿದ ಕುತ್ತಿಗೆ ನೆನಪಿದೆ.

ಆಮೇಲೆ ಮನೆಯಲ್ಲಿ ಜಗಳಗಳು ಹುಟ್ಟಿದ ಜಾಗದಲ್ಲೇ ಬೆಳೆದವು. ದೂರು ಒಯ್ಯಲು ಒಂದು ಮೂಲೆ ಇರಲಿಲ್ಲ. ಅಜ್ಜ ಇದ್ದ, ಆದರೆ ಯಾರ ಮಾತಿಗೂ ನಡುವೆ ಬರುತ್ತಿರಲಿಲ್ಲ. ತಾನೇ ಸುಳ್ಳು ಹೇಳಿದ ಮೇಲೆ ಇನ್ನೊಬ್ಬರಿಂದ ನಿಜ ಕೇಳುವ ಬಾಯಿ ತನಗಿಲ್ಲ ಅಂದುಕೊಂಡನೋ ಏನೋ. ನಾನು ರಾಯದುರ್ಗದಲ್ಲಿ ಹೈಸ್ಕೂಲು ಓದುತ್ತಿದ್ದಾಗ ಅವನು ತೀರಿಕೊಂಡ. ಮುಂದಿನ ವರ್ಷವೇ ಅಪ್ಪ, ಚಿಕ್ಕಪ್ಪ ಬೇರೆಯಾದರು. ಚಿಕ್ಕಪ್ಪ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಮಡಕಶಿರಾ ಕಡೆಗೆ ಹೋದ.

ನನಗೂ ವಯಸ್ಸಾದ ಮೇಲೆ, ಹೇಳಿಯೇ ಬಿಡಬೇಕೆಂದು ಒಮ್ಮೆ ಚಿಕ್ಕಮ್ಮನನ್ನು ನೋಡಲು ಹೋಗಿದ್ದೆ. ಹಿಪ್ಪುನೇರಳೆ ತೋಟದ ಪಕ್ಕದ ಮನೆ. ಅವಳು ಜಗಲಿಯ ಮೇಲೆ ಮೊಮ್ಮಗಳಿಗೆ ತಲೆ ಬಾಚುತ್ತಿದ್ದಳು. ಇನ್ನಿಬ್ಬರು ಮೊಮ್ಮಕ್ಕಳು ಅವಳ ಬೆನ್ನಿಗೆ ಆತುಕೊಂಡಿದ್ದರು. ನಾನು ಅಜ್ಜನ ಮಾತು ತೆಗೆದೆ. ಅವಳ ಕೈ ನಿಂತಿತು.

"ಮಾವ ದೇವರಂತೋರು ಕಣಪ್ಪ. ಆದ್ರೂ ಅವರೂ ನನ್ನೇ ಕಳ್ಳಿ ಅಂದ್ಕಂಡ್ರು, ನೋಡು. ಇಲ್ಲದಿದ್ರೆ ತಪ್ಪನ್ನ ತಮ್ಮ ಮೈಮ್ಯಾಲೆ ಯಾಕೆ ಹಾಕ್ಕಂತಿದ್ರು? ನಾನು ನಿಜ ಹೇಳಿದ್ದೆ. ಅವರೊಬ್ರು ನಂಬಿದ್ರೆ ಸಾಕಾಗಿತ್ತು."

ಮಕ್ಕಳು ನನ್ನ ಮುಖ ನೋಡುತ್ತಿದ್ದರು. ಕಾಫಿ ಕುಡಿದು, ಬಸ್ಸಿಗೆ ಹೊತ್ತಾಯಿತೆಂದು ಎದ್ದು ಬಂದೆ...

ಈಗ ಅವಳೂ ಇಲ್ಲ. ಹೇಳಬೇಕಾದವರ ಮುಂದೆ ಹೇಳದ ಮಾತನ್ನು ಯಾರೂ ಕೇಳದ ಕಡೆ ಬರೆಯುತ್ತಿದ್ದೇನೆ. ಚಿಕ್ಕಮ್ಮಾ, ನೀನು ತಿಂದಿರಲಿಲ್ಲವೆಂದು ಅಜ್ಜನಿಗೆ ಅವತ್ತೇ ಗೊತ್ತಿತ್ತು.